ನರ್ಸಿಂಗ್ ಪದವಿಯ ಮುಂದೆ: ಯಾವ ಓದು, ಯಾವ ಹುದ್ದೆಗೆ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಮೂರು ವರ್ಷದಿಂದ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೇನೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಆಗಿದೆ, 68% ಅಂಕ. ಗರ್ಭಿಣಿಯರ ಜೊತೆ, ತಾಯಂದಿರ ಜೊತೆ ಕೂತು ತಿಳಿಹೇಳುವ ಕೆಲಸವೇ ನನಗೆ ಹೆಚ್ಚು ಇಷ್ಟ. ಆರೋಗ್ಯ ಶಿಕ್ಷಣದಲ್ಲಿ ಮುಂದೆ ಓದಬೇಕೆಂದಿದ್ದೇನೆ. ಎಂ.ಎಸ್ಸಿ. ನರ್ಸಿಂಗ್ ಮಾಡು ಅಂತ ಕೆಲವರು, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡು ಅಂತ ಕೆಲವರು. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಮಾಡಬಹುದೇ? ಹೊರದೇಶದಲ್ಲಿ ಓದಿದರೆ ಹೇಗೆ? ತಮ್ಮ ಮೂರು ವರ್ಷದ ಬಿ.ಎಸ್ಸಿ. ಮುಗಿಸಿದ್ದಾನೆ, ಅವನಿಗೂ ಈ ಕ್ಷೇತ್ರದಲ್ಲಿ ದಾರಿ ಇದೆಯೇ?

ಉತ್ತರ:

'ಆರೋಗ್ಯ ಶಿಕ್ಷಣ' ಅನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಓದುಗಳು ಸೇರಿಕೊಂಡಿವೆ. ಸಲಹೆ ಕೊಡುವವರು ಒಬ್ಬೊಬ್ಬರು ಒಂದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ, ಕೇಳುವವರಿಗೆ ಗೊಂದಲವಾಗುತ್ತದೆ. ಅದನ್ನೇ ಮೊದಲು ಬಿಡಿಸಿಕೊಳ್ಳೋಣ.

ಒಂದು, ಜನರಿಗೆ ಆರೋಗ್ಯದ ಬಗ್ಗೆ ತಿಳಿವಳಿಕೆ ಕೊಟ್ಟು ಅವರ ರೂಢಿ ಬದಲಾಗುವಂತೆ ಮಾಡುವ ಶಾಸ್ತ್ರ. ಈಗ ಇದನ್ನು ಆರೋಗ್ಯ ವರ್ಧನೆ ಮತ್ತು ಶಿಕ್ಷಣ ಎಂದು ಕರೆಯುತ್ತಾರೆ. ಎರಡು, ನರ್ಸ್, ವೈದ್ಯ, ಫಿಸಿಯೋಥೆರಪಿಸ್ಟ್‌ಗಳನ್ನು ತಯಾರು ಮಾಡುವ ಬೋಧನೆಯ ಶಾಸ್ತ್ರ, ಅಂದರೆ ಆರೋಗ್ಯ ವೃತ್ತಿ ಶಿಕ್ಷಣ. ಇದು ಕಾಲೇಜಿನಲ್ಲಿ ಪಾಠ ಹೇಳುವವರಿಗೆ. ಮೂರು, ಸಾರ್ವಜನಿಕ ಆರೋಗ್ಯ, ಅಂದರೆ ಎಂಪಿಎಚ್. ಇದರಲ್ಲಿ ಆರೋಗ್ಯ ಶಿಕ್ಷಣ ಒಂದು ಪತ್ರಿಕೆ ಮಾತ್ರ. ಉಳಿದದ್ದು ರೋಗಗಳ ಹರಡುವಿಕೆಯ ಅಧ್ಯಯನ, ಸಂಖ್ಯಾಶಾಸ್ತ್ರ, ಆಡಳಿತ, ಹಣಕಾಸು, ಪರಿಸರ. ನಿಮ್ಮ ಪತ್ರ ಓದಿದರೆ ನಿಮಗೆ ಬೇಕಿರುವುದು ಮೊದಲನೆಯದು. ಆದರೆ ನಮ್ಮ ದೇಶದಲ್ಲಿ ಆ ಒಂದಕ್ಕೇ ಮೀಸಲಾದ ಸ್ನಾತಕೋತ್ತರ ಪದವಿಗಳು ಬಹಳ ಕಡಿಮೆ. ಹಾಗಾಗಿ ಬೇರೆ ಯಾವುದಾದರೂ ಓದಿನ ಬಾಗಿಲಿನಿಂದಲೇ ಅದನ್ನು ಸೇರಬೇಕು.

ಜನ ನಿಮಗೆ ಹೇಳಿದ ಎಂ.ಎಸ್ಸಿ. ನರ್ಸಿಂಗ್, ಎಂಪಿಎಚ್ ಮತ್ತು ನಿಮಗೆ ಬೇಕಿರುವ ಆರೋಗ್ಯ ವರ್ಧನೆ, ಈ ಓದುಗಳು ಹೇಗೆ ಬೇರೆ ಅನ್ನುವುದನ್ನು ನಿಮ್ಮ ಕೈಯಲ್ಲೇ ದಿನವೂ ಇರುವ ಒಂದು ವಸ್ತುವಿನಿಂದ ನೋಡಬಹುದು: ಗರ್ಭಿಣಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ನೀವು ಕೊಟ್ಟಿದ್ದೀರಿ, ತಾಯಿ ಕಾರ್ಡಿನಲ್ಲಿ ಬರೆದಿದ್ದೀರಿ. ಮನೆಗೆ ಹೋಗಿ ನೋಡಿದರೆ ಅರ್ಧದಷ್ಟು ಮಾತ್ರೆಗಳು ಗೂಡಿನಲ್ಲಿ ಹಾಗೇ ಇವೆ.

ಎಂ.ಎಸ್ಸಿ. ಸಮುದಾಯ ಆರೋಗ್ಯ ನರ್ಸಿಂಗ್ ಓದಿದವರು ಈ ಒಬ್ಬ ತಾಯಿಯಿಂದ ಶುರು ಮಾಡುತ್ತಾರೆ. ಹಿಮೋಗ್ಲೋಬಿನ್ ಎಷ್ಟು, ವಾಕರಿಕೆ ಇದೆಯೇ, ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗುತ್ತಿದ್ದಾಳೆಯೇ, ನುಂಗಿದ ಕೂಡಲೇ ಚಹಾ ಕುಡಿಯುತ್ತಾಳೆಯೇ, ಮುಂದಿನ ಭೇಟಿ ಯಾವಾಗ. ಎಂಪಿಎಚ್ ಓದಿದವರು ಇಡೀ ತಾಲ್ಲೂಕನ್ನು ನೋಡುತ್ತಾರೆ. ನೂರಕ್ಕೆ ಎಷ್ಟು ಜನ 180 ಮಾತ್ರೆ ಮುಗಿಸಿದರು, ಯಾವ ಉಪಕೇಂದ್ರದಲ್ಲಿ ಕಡಿಮೆ, ಅಲ್ಲಿ ದಾಸ್ತಾನು ತೀರಿತ್ತೇ, ಪೋರ್ಟಲ್‌ನಲ್ಲಿ ತುಂಬಿದ ಅಂಕಿ ಮನೆಯ ಅಂಕಿಗೆ ತಾಳೆಯಾಗುತ್ತದೆಯೇ. ಆರೋಗ್ಯ ವರ್ಧನೆ ಓದಿದವರ ಪ್ರಶ್ನೆ ಇನ್ನೊಂದು: ಮಾತ್ರೆ ಒಳ್ಳೆಯದು ಅಂತ ಅವಳಿಗೆ ಗೊತ್ತು, ಆದರೂ ಯಾಕೆ ನುಂಗಲಿಲ್ಲ? ಮಲ ಕಪ್ಪಾಯಿತೆಂದು ಹೆದರಿದಳು. ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಅಂತ ಅತ್ತೆ ಅಂದರು. ಹೊಲಕ್ಕೆ ಹೋಗುವ ಹೊತ್ತಿಗೆ ನೆನಪಾಗಲಿಲ್ಲ. ಲಾರೆನ್ಸ್ ಗ್ರೀನ್ 1970ರ ದಶಕದಲ್ಲಿ ಕಟ್ಟಿದ ಚೌಕಟ್ಟು ಇಂಥ ಕಾರಣಗಳನ್ನು ಮೂರು ಗುಂಪು ಮಾಡುತ್ತದೆ: ಮನಸ್ಸನ್ನು ಒಲಿಸುವ ಅಥವಾ ತಡೆಯುವ ನಂಬಿಕೆಗಳು, ಕೈಗೆ ಸಿಗುವ ಅನುಕೂಲಗಳು, ಮಾಡಿದ್ದನ್ನು ಬಿಡದಂತೆ ನೋಡಿಕೊಳ್ಳುವ ಸುತ್ತಲಿನ ಜನ. ಅತ್ತೆಯ ಭಯಕ್ಕೆ ಪೋಸ್ಟರ್ ಮದ್ದಲ್ಲ. ಅತ್ತೆಯನ್ನೇ ಸಭೆಗೆ ಕರೆಯಬೇಕು. ಮರೆವಿಗೆ ಉಪನ್ಯಾಸ ಬೇಡ, ರಾತ್ರಿ ಊಟದ ಜೊತೆ ಮಾತ್ರೆ ಜೋಡಿಸಿದರೆ ಸಾಕು. ತೊಂದರೆ ಯಾವ ಗುಂಪಿನದು ಎಂದು ಮೊದಲು ಪತ್ತೆ ಹಚ್ಚಿ, ಅದಕ್ಕೆ ತಕ್ಕ ಕೆಲಸ ಹೂಡುವುದೇ ಈ ವಿದ್ಯೆ. ನೀವು ಮೂರು ವರ್ಷದಿಂದ ಅಂದಾಜಿನ ಮೇಲೆ ಮಾಡುತ್ತಿರುವುದನ್ನು ಇದು ಕ್ರಮವಾಗಿ ಮಾಡಲು ಕಲಿಸುತ್ತದೆ.

ಈ ಮೂರು ಪ್ರಶ್ನೆಗಳಲ್ಲಿ ಯಾವುದು ನಿಮ್ಮನ್ನು ಹೆಚ್ಚು ಕಾಡುತ್ತದೆ ಎಂದು ಒಂದು ವಾರ ಗಮನಿಸಿ. ಓದಿನ ಆಯ್ಕೆಯಲ್ಲಿ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಇನ್ನರ್ಧ ಹುದ್ದೆಗೆ ಸಂಬಂಧಿಸಿದ್ದು.

ಎಂ.ಎಸ್ಸಿ. ನರ್ಸಿಂಗ್

ನರ್ಸಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ ಆಗಬೇಕೆಂದಿದ್ದರೆ ಇದೊಂದೇ ದಾರಿ. ಎಂಪಿಎಚ್ ಎಷ್ಟೇ ಒಳ್ಳೆಯ ಸಂಸ್ಥೆಯದಾದರೂ ಆ ಹುದ್ದೆಗೆ ನಡೆಯುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದ ಪ್ರಕಾರ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಒಟ್ಟು 55% ಅಂಕ, ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಪದವಿಯ ನಂತರ ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು. ಮೂರೂ ನಿಮ್ಮಲ್ಲಿವೆ. ಎರಡು ವರ್ಷ, ಪೂರ್ಣಾವಧಿ. ವೈದ್ಯಕೀಯ-ಶಸ್ತ್ರಚಿಕಿತ್ಸೆ, ಮಕ್ಕಳ ಆರೋಗ್ಯ, ಪ್ರಸೂತಿ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂಬ ವಿಭಾಗಗಳಲ್ಲಿ ಕೊನೆಯದು ನಿಮ್ಮ ಕೆಲಸಕ್ಕೆ ಹತ್ತಿರ. ಎಲ್ಲ ವಿಭಾಗದವರಿಗೂ ನರ್ಸಿಂಗ್ ಶಿಕ್ಷಣ ಎಂಬ ಪತ್ರಿಕೆ ಇರುತ್ತದೆ. ಪಾಠಯೋಜನೆ, ಪರೀಕ್ಷಾ ಪ್ರಶ್ನೆ ರಚನೆ, ದೃಶ್ಯ ಸಾಮಗ್ರಿ, ಬೋಧನಾಭ್ಯಾಸ ಎಲ್ಲ ಅದರೊಳಗೆ ಬರುತ್ತವೆ. ಹಳ್ಳಿಯ ತಾಯಂದಿರಿಗೆ ಹೇಳುವುದಕ್ಕೂ ಅದು ಉಪಯೋಗಕ್ಕೆ ಬರುತ್ತದೆ, ಆದರೆ ಅದರ ಮುಖ್ಯ ಗುರಿ ತರಗತಿ.

ಇಲ್ಲಿ ಜನ ಎಡವುವುದು ಕಾಗದಪತ್ರದಲ್ಲಿ. ಅನುಭವ ಪತ್ರದಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು ಸ್ಪಷ್ಟವಾಗಿ ಇರಬೇಕು. ಗುತ್ತಿಗೆ ಪ್ರತಿ ವರ್ಷ ನವೀಕರಣವಾಗಿದ್ದರೆ ನಡುವೆ ಬಿಟ್ಟ ಒಂದೆರಡು ದಿನವನ್ನು ನೋಡಿ ತಕರಾರು ತೆಗೆಯುವುದುಂಟು. ಪ್ರತಿ ವರ್ಷದ ಆದೇಶದ ಪ್ರತಿಯನ್ನೂ ಜೋಡಿಸಿಡಿ. ನರ್ಸಿಂಗ್ ಪರಿಷತ್ತಿನ ನೋಂದಣಿ ನವೀಕರಣವಾಗಿದೆಯೇ ಎಂದೂ ಈಗಲೇ ನೋಡಿಕೊಳ್ಳಿ.

ಮುಂದೆ ಬೋಧನೆಯಲ್ಲೇ ಆಳಕ್ಕೆ ಇಳಿಯುವ ಆಸೆಯಾದರೆ ಆರೋಗ್ಯ ವೃತ್ತಿ ಶಿಕ್ಷಣದ ಓದಿದೆ. ಆದರೆ ಅದು ಕೆಲವು ವರ್ಷ ಪಾಠ ಹೇಳಿದವರಿಗೆ ರುಚಿಸುವ ಓದು. ಈಗ ಅದರ ಯೋಚನೆ ಬೇಡ.

ಎಂಪಿಎಚ್

ಭಾರತದಲ್ಲಿ ಎಂಪಿಎಚ್ ಶುರುವಾದದ್ದು 1997ರಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ. ವೈದ್ಯರಲ್ಲದವರಿಗೂ, ನಾಲ್ಕು ವರ್ಷದ ನರ್ಸಿಂಗ್ ಪದವೀಧರರಿಗೂ ಅಲ್ಲಿ ಅವಕಾಶವಿದೆ. ಒಂದು ಮಾತು ನೆನಪಿಡಿ: ಅಲ್ಲಿ ವರ್ಷ ಆರಂಭವಾಗುವುದು ಜನವರಿಯಲ್ಲಿ. ಬೇರೆಲ್ಲ ಕಡೆಯಂತೆ ಜೂನ್-ಜುಲೈನಲ್ಲಿ ಮಾತ್ರ ವಿಚಾರಿಸಿ ಸುಮ್ಮನಾದರೆ, ಅರ್ಜಿಯ ಕರೆ ಯಾವಾಗ ಬಂದು ಹೋಯಿತೆಂದೇ ಗೊತ್ತಾಗುವುದಿಲ್ಲ. ಜುಲೈನಿಂದಲೇ ಅವರ ಜಾಲತಾಣವನ್ನು ವಾರಕ್ಕೊಮ್ಮೆ ನೋಡುತ್ತಿರಿ.

ಕರ್ನಾಟಕದೊಳಗೆ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇ ಇವೆ. ನಿಮ್ಮ ಪಕ್ಕದ ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲೂ ಎಂಪಿಎಚ್ ಇದೆ. ಇದನ್ನು ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ, ಕೊಪ್ಪಳದಿಂದ ಹೆಚ್ಚು ದೂರವಿಲ್ಲ, ಸುತ್ತ ಹಳ್ಳಿಗಳೇ. ಗ್ರಾಮ ಪಂಚಾಯಿತಿ, ಕುಡಿಯುವ ನೀರು, ನೈರ್ಮಲ್ಯ ಇವನ್ನೆಲ್ಲ ಓದುವವರು ಅದೇ ಆವರಣದಲ್ಲಿ ಸಿಗುತ್ತಾರೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಎಂಪಿಎಚ್‌ಗೂ ಒಳ್ಳೆಯ ಹೆಸರಿದೆ, ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಆರೋಗ್ಯವನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡುವ ಮನಸ್ಸಿದ್ದರೆ ಅಲ್ಲಿಗೆ ಪ್ರಯತ್ನಿಸಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ನಾಲ್ಕು ಪ್ರಶ್ನೆ ಕೇಳಿ. ಆರೋಗ್ಯ ವರ್ಧನೆ ಅಥವಾ ವರ್ತನೆ ಬದಲಾವಣೆಯ ಪತ್ರಿಕೆಗೆ ಎಷ್ಟು ಕ್ರೆಡಿಟ್ (ಓದಿನ ತೂಕದ ಅಂಕ), ಅದನ್ನು ಪಾಠ ಹೇಳುವವರು ಆ ವಿಷಯದವರೇ? ಕ್ಷೇತ್ರಕಾರ್ಯ ಒಟ್ಟು ಎಷ್ಟು ವಾರ? ಪ್ರಬಂಧಕ್ಕೆ ವಿದ್ಯಾರ್ಥಿಯೇ ಮಾಹಿತಿ ಸಂಗ್ರಹಿಸಬೇಕೋ, ಇದ್ದ ಅಂಕಿಗಳನ್ನೇ ತಿರುವಿದರೆ ಸಾಕೋ? ಕಳೆದ ತಂಡದವರು ಈಗ ಎಲ್ಲಿದ್ದಾರೆ? ಕೊನೆಯದಕ್ಕೆ ಉತ್ತರ ಕಚೇರಿಯಿಂದ ಬೇಡ, ಓದಿ ಮುಗಿಸಿದ ಇಬ್ಬರನ್ನು ಹುಡುಕಿ ಮಾತಾಡಿ.

ಎಂಪಿಎಚ್‌ನ ದೊಡ್ಡ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ನರ್ಸಿಂಗ್‌ಗೆ, ವೈದ್ಯಕೀಯಕ್ಕೆ ಇರುವಂತೆ ಇದಕ್ಕೆ ನೋಂದಣಿ ಮಾಡುವ ಪರಿಷತ್ತು ಇಲ್ಲ. ಸರ್ಕಾರದ ಎಷ್ಟೋ ಪ್ರಕಟಣೆಗಳಲ್ಲಿ ಎಂಪಿಎಚ್ ಎಂದು ಬರೆದರೂ, ಅದರ ಹಿಂದೆ 'ವೈದ್ಯಕೀಯ ಪದವಿಯೊಂದಿಗೆ' ಎಂದೋ 'ವೈದ್ಯಕೀಯ ಪದವೀಧರರಿಗೆ ಆದ್ಯತೆ' ಎಂದೋ ಇರುತ್ತದೆ. ಅದನ್ನು ಓದದೆ ಸೇರಿದವರು ಎರಡು ವರ್ಷದ ನಂತರ ಕಂಗಾಲಾಗುತ್ತಾರೆ. ನರ್ಸಿಂಗ್ ಜೊತೆ ಎಂಪಿಎಚ್ ಇರುವವರಿಗೆ ಹೆಚ್ಚಾಗಿ ಕೆಲಸ ಸಿಗುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಿಲ್ಲಾ ಮಟ್ಟದ ಗುತ್ತಿಗೆ ಹುದ್ದೆಗಳಲ್ಲಿ, ಸಂಶೋಧನಾ ಯೋಜನೆಗಳಲ್ಲಿ, 2003ರಿಂದ ಇರುವ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್‌ನಂಥ ಸಂಸ್ಥೆಗಳಲ್ಲಿ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಮತ್ತೆ ಹುಡುಕಬೇಕು. ಕಾಯಂ ಹುದ್ದೆಯೇ ನಿಮ್ಮ ಮನೆಯ ಅಗತ್ಯವಾಗಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಆರೋಗ್ಯ ಶಿಕ್ಷಣದ ಡಿಪ್ಲೊಮಾ

ನೀವು ಕೇಳಿದ ವಿಷಯಕ್ಕೆ ಹೆಸರಿನಲ್ಲೂ ತಿರುಳಿನಲ್ಲೂ ಹತ್ತಿರವಾದ ಓದು ಇದು. ಕೋಲ್ಕತ್ತದಲ್ಲಿ 1932ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ, ತಮಿಳುನಾಡಿನ ದಿಂಡಿಗಲ್ ಹತ್ತಿರದ ಗಾಂಧಿಗ್ರಾಮದ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ, ಇವೆರಡೂ ಆರೋಗ್ಯ ವರ್ಧನೆ ಮತ್ತು ಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಹೆಸರಾದವು. ಒಂದು ವರ್ಷದ ಓದು. ಸಮುದಾಯದ ಅಗತ್ಯ ಅಳೆಯುವುದು, ಸಂವಹನ ಸಾಮಗ್ರಿ ತಯಾರಿಸಿ ಜನರ ಮುಂದೆ ಪರೀಕ್ಷಿಸುವುದು, ತರಬೇತಿ ನಡೆಸುವುದು, ಹಳ್ಳಿಯಲ್ಲೇ ಉಳಿದು ಕ್ಷೇತ್ರಕಾರ್ಯ ಮಾಡುವುದು ಇದರ ಜೀವಾಳ. ಕೇಂದ್ರ ಸರ್ಕಾರದ ಆರೋಗ್ಯ ಶಿಕ್ಷಣದ ಹುದ್ದೆಗಳ ಪ್ರಕಟಣೆಗಳಲ್ಲಿ ಈ ಡಿಪ್ಲೊಮಾವನ್ನು ಅರ್ಹತೆಯಾಗಿ ಕೇಳಿದ್ದುಂಟು. ಅರ್ಜಿ ಹಾಕುವ ಮುನ್ನ ಆ ವರ್ಷ ಪ್ರವೇಶ ತೆರೆದಿದೆಯೇ, ಪ್ರಾಯೋಜಿತ ಸರ್ಕಾರಿ ನೌಕರರಿಗೆ ಎಷ್ಟು ಸೀಟು, ನೇರ ಅಭ್ಯರ್ಥಿಗಳಿಗೆ ಎಷ್ಟು ಎಂದು ಸಂಸ್ಥೆಗೇ ಪತ್ರ ಬರೆದು ಕೇಳಿ.

ನಮ್ಮ ರಾಜ್ಯದಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ, ಜಿಲ್ಲಾ ಆರೋಗ್ಯ ಶಿಕ್ಷಣಾಧಿಕಾರಿ ಹುದ್ದೆಗಳಿವೆ. ನಿಮ್ಮ ತಾಲ್ಲೂಕಿನವರನ್ನು ನೀವು ನೋಡಿಯೇ ಇರುತ್ತೀರಿ. ಆದರೆ ಡಿಪ್ಲೊಮಾ ತೆಗೆದುಕೊಂಡರೆ ಆ ಕುರ್ಚಿ ಸಿಗುತ್ತದೆ ಎಂದು ಎಣಿಸಬೇಡಿ. ಯಾವ ಹುದ್ದೆ ಬಡ್ತಿಯಿಂದ ತುಂಬುತ್ತದೆ, ಯಾವುದು ನೇರ ನೇಮಕಾತಿ, ಯಾವ ವಿದ್ಯಾರ್ಹತೆ ಬೇಕು ಎಂಬುದೆಲ್ಲ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿದೆ. ಅದರ ಪ್ರತಿ ತರಿಸಿ, ಆ ಎರಡು ಹುದ್ದೆಗಳ ಸಾಲನ್ನು ನೀವೇ ಓದಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು.

ಇದೇ ಹಿಮ್ಮುಖ ಓದನ್ನು ಎಲ್ಲ ಆಯ್ಕೆಗಳಿಗೂ ಮಾಡಿ. ಮುಂದೆ ನಿಮಗೆ ಬೇಕೆನಿಸುವ ಹುದ್ದೆಗಳ ಹಳೆಯ ನೇಮಕಾತಿ ಪ್ರಕಟಣೆಗಳನ್ನು ಹತ್ತು ಹದಿನೈದು ಸೇರಿಸಿ. ಒಂದು ಹಾಳೆಯಲ್ಲಿ ಹುದ್ದೆಯ ಹೆಸರು, ಕೇಳಿದ ಪದವಿ, ಅನುಭವ, ವಯೋಮಿತಿ, ಕಾಯಮ್ಮೋ ಗುತ್ತಿಗೆಯೋ ಎಂದು ಬರೆಯಿರಿ. ಯಾವ ಪದವಿ ಎಷ್ಟು ಬಾಗಿಲು ತೆರೆಯುತ್ತದೆ ಎನ್ನುವುದು ಆ ಹಾಳೆಯಲ್ಲಿ ಕಣ್ಣಿಗೆ ಕಾಣುತ್ತದೆ. ಸಹೋದ್ಯೋಗಿಗಳ ಅಭಿಪ್ರಾಯಕ್ಕಿಂತ ಆ ಹಾಳೆಯನ್ನು ನಂಬಿ.

ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಬಗ್ಗೆ ಒಂದೇ ಮಾತು: ಆಪ್ತಸಮಾಲೋಚಕರ ಹುದ್ದೆಗಳಿಗೆ ಅದು ಹೊಂದುತ್ತದೆ. ಆದರೆ ನರ್ಸಿಂಗ್ ಪದವಿ ಇರುವವರು ಅದಕ್ಕಾಗಿ ಎರಡು ವರ್ಷ ಕೊಡುವ ಅಗತ್ಯ ಕಾಣುವುದಿಲ್ಲ.

ದೂರಶಿಕ್ಷಣ

ಈ ವಿಷಯದಲ್ಲಿ ತುಂಬಾ ಎಚ್ಚರ ಬೇಕು. 2021ರಲ್ಲಿ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಆರೋಗ್ಯ ಶಿಕ್ಷಕರು, ಮಧುಮೇಹ ಶಿಕ್ಷಕರು, ಎದೆಹಾಲು ಸಲಹೆಗಾರರೂ ಸೇರಿದ್ದಾರೆ. ಈ ವೃತ್ತಿಗೆ ಕಾನೂನಿನಲ್ಲಿ ಹೆಸರು ಬಂದದ್ದು ಸಂತೋಷದ ವಿಷಯವೇ. ಇದರ ಬೆನ್ನಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಆ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ನಡೆಸಬಾರದು ಎಂದು ಸೂಚಿಸಿತು. ಮನಃಶಾಸ್ತ್ರ, ಆಹಾರ ಮತ್ತು ಪೋಷಣೆಯಂಥ ವಿಷಯಗಳೂ ಇದರಲ್ಲಿ ಬಂದವು. ಎಂ.ಎಸ್ಸಿ. ನರ್ಸಿಂಗ್ ಅಂತೂ ಮನೆಯಲ್ಲಿ ಕೂತು ಮಾಡುವ ಓದೇ ಅಲ್ಲ.

ಹೀಗಿದ್ದೂ 'ಕೆಲಸ ಬಿಡಬೇಡಿ, ಪರೀಕ್ಷೆಗೆ ಮಾತ್ರ ಬನ್ನಿ' ಎಂದು ಫೋನ್ ಮಾಡುವವರಿದ್ದಾರೆ. ಬೇರೆ ರಾಜ್ಯದ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಮ್ಮ ಊರಲ್ಲಿ 'ಸ್ಟಡಿ ಸೆಂಟರ್' ಇಟ್ಟಿರುತ್ತಾರೆ. ದುಡ್ಡು ಕೊಡುವ ಮುನ್ನ ಮೂರು ತಪಾಸಣೆ ಮಾಡಿ. ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೇ? ಆ ನಿರ್ದಿಷ್ಟ ಕೋರ್ಸಿಗೆ, ಆ ನಿರ್ದಿಷ್ಟ ವರ್ಷಕ್ಕೆ, ಆ ವಿಧಾನಕ್ಕೆ ಅನುಮತಿ ಇದೆಯೇ? ಪದವಿ ಪತ್ರದಲ್ಲಿ ಬರುವ ಹೆಸರು ಯುಜಿಸಿ ಒಪ್ಪಿದ ಪದವಿ ಹೆಸರುಗಳಲ್ಲಿ ಇದೆಯೇ? ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಪ್ರತಿ ಕೋರ್ಸಿಗೂ ಮಾನ್ಯತೆ ಇದೆ ಎಂದಲ್ಲ. ಹೆಚ್ಚಿನವರು ಮೋಸ ಹೋಗುವುದು ಇದೇ ಜಾಗದಲ್ಲಿ.

ಕೆಲಸ ಮಾಡುತ್ತಲೇ ನಿಶ್ಚಿಂತೆಯಿಂದ ಮಾಡಬಹುದಾದದ್ದು ಚಿಕ್ಕ ಕೋರ್ಸುಗಳು. ಚೆನ್ನೈನ ಐಸಿಎಂಆರ್-ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ತಾಣದ ಮೂಲಕ ನಡೆಸುವ ಆರೋಗ್ಯ ಸಂಶೋಧನೆಯ ಮೂಲಪಾಠ ಅಂಥದ್ದು. ಪದವಿಗೆ ಅದು ಬದಲಿಯಲ್ಲ. ಆದರೆ ಪ್ರವೇಶ ಸಂದರ್ಶನದಲ್ಲಿ ನೀವು ಸುಮ್ಮನೆ ಬಂದವರಲ್ಲ ಎಂದು ತೋರಿಸುತ್ತದೆ.

ಕೆಲಸ, ರಜೆ, ದುಡ್ಡು

ಕಾಯಂ ನೌಕರರಿಗಿರುವ ನಿಯೋಜನೆ, ಅಧ್ಯಯನ ರಜೆಯ ಸೌಲಭ್ಯ ಗುತ್ತಿಗೆಯವರಿಗೆ ಹಕ್ಕಾಗಿ ಬರುವುದಿಲ್ಲ. ಬಾಯಿಮಾತಿನ ಭರವಸೆಯ ಮೇಲೆ ಹೊರಡಬೇಡಿ. ನಿಮ್ಮ ಕರಾರು ಪತ್ರದಲ್ಲಿ ರಾಜೀನಾಮೆಗೆ ಎಷ್ಟು ದಿನದ ಮುನ್ಸೂಚನೆ, ತರಬೇತಿಗೆ ಸಂಬಂಧಿಸಿದ ಬಾಂಡ್ ಇದೆಯೇ ಎಂದು ಓದಿ. ಪ್ರವೇಶ ಪತ್ರ ಕೈಗೆ ಬರುವ ಮುಂಚೆ ರಾಜೀನಾಮೆ ಕೊಡಬೇಡಿ. ಬಂದ ಮೇಲೆ ಕಾರ್ಯಮುಕ್ತಿ ಪತ್ರ, ಅನುಭವ ಪತ್ರ ಎರಡನ್ನೂ ತೆಗೆದುಕೊಳ್ಳದೆ ಜಿಲ್ಲೆ ಬಿಡಬೇಡಿ. ಎರಡು ವರ್ಷದ ನಂತರ ಅವನ್ನು ಪಡೆಯಲು ಅಲೆಯುವುದು ಬಹಳ ಕಷ್ಟ.

ಕೊಪ್ಪಳದವರಿಗೆ ಸಂವಿಧಾನದ 371(ಜೆ) ವಿಧಿಯ ಅನುಕೂಲವಿದೆ. ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ 70%, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟು ಸ್ಥಳೀಯರಿಗೆ ಮೀಸಲು. ಗದಗ ಆ ಭಾಗಕ್ಕೆ ಸೇರದ ಕಾರಣ ಅಲ್ಲಿ ಎರಡನೆಯ ಲೆಕ್ಕ. ಇದಕ್ಕೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಜಾತಿ-ಆದಾಯ ಪತ್ರದ ಹಾಗೆ ಇದು ಬೇಗ ಕೈಗೆ ಬರುವಂಥದ್ದಲ್ಲ, ವ್ಯಾಸಂಗ, ವಾಸದ ದಾಖಲೆಗಳ ಪರಿಶೀಲನೆ ಆಗಬೇಕು. ಅರ್ಜಿಯ ಕೊನೆಯ ವಾರಕ್ಕೆ ಇಟ್ಟುಕೊಂಡವರು ಸೀಟು ಕಳೆದುಕೊಂಡದ್ದಿದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಹೊರದೇಶದ ಯೋಚನೆ ಇದ್ದರೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ, ಪರಿಶಿಷ್ಟ ಜಾತಿಯವರು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ ವಿಚಾರಿಸಬೇಕು.

ಹೊರದೇಶ

ಅಮೆರಿಕದಲ್ಲಿ ಆರೋಗ್ಯ ಶಿಕ್ಷಣ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಅದರ ಸಿದ್ಧಾಂತಗಳೂ ಹೆಚ್ಚಾಗಿ ಅಲ್ಲಿಂದಲೇ ಬಂದವು. 1950ರ ದಶಕದಲ್ಲಿ ಕ್ಷಯರೋಗದ ಎಕ್ಸ್-ರೇ ಪುಕ್ಕಟೆ ಕೊಟ್ಟರೂ ಜನ ಬರುತ್ತಿಲ್ಲ ಯಾಕೆ ಎಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯವರು ತಲೆಕೆಡಿಸಿಕೊಂಡಾಗ ಹುಟ್ಟಿದ್ದು ಆರೋಗ್ಯ ನಂಬಿಕೆ ಮಾದರಿ. ಅಲ್ಲಿ ಎಂಪಿಎಚ್ ಆರಿಸುವಾಗ ಸಿಇಪಿಎಚ್ ಎಂಬ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ಆ ಮಾನ್ಯತೆಗೆ ಕನಿಷ್ಠ 42 ಸೆಮಿಸ್ಟರ್ ಕ್ರೆಡಿಟ್ ಇರಬೇಕು. ಆರೋಗ್ಯ ಶಿಕ್ಷಣ ತಜ್ಞರೆಂದು ಪ್ರಮಾಣಪತ್ರ ಕೊಡುವ ಸಿಎಚ್ಇಎಸ್ ಪರೀಕ್ಷೆಯೂ ಇದೆ. ಅದಕ್ಕೆ ಕೂರಲು ಆರೋಗ್ಯ ಶಿಕ್ಷಣದ ಪದವಿ ಇರಬೇಕು, ಇಲ್ಲವೇ ಓದಿದ ವಿಷಯಗಳಲ್ಲಿ ಕನಿಷ್ಠ 25 ಸೆಮಿಸ್ಟರ್ ಕ್ರೆಡಿಟ್ ಅವರು ಗುರುತಿಸಿದ ಎಂಟು ಹೊಣೆಗಾರಿಕೆಯ ಕ್ಷೇತ್ರಗಳಿಗೆ ಸೇರಿರಬೇಕು. ಎಂಪಿಎಚ್ ಮಾಡಿದ ಮಾತ್ರಕ್ಕೆ ಈ ಅರ್ಹತೆ ತಾನಾಗಿ ಬರುವುದಿಲ್ಲ, ವಿಷಯಗಳನ್ನು ಆರಿಸುವಾಗಲೇ ಇದನ್ನು ನೋಡಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ಓದು ಸಾಮಾನ್ಯವಾಗಿ ಒಂದೇ ವರ್ಷ. ಅಲ್ಲಿನ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಅದು ನಿಮ್ಮಲ್ಲಿದೆ. ಓದು ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಿ ಇರಬೇಕೆಂಬ ಷರತ್ತೂ ಇದೆ. ಹಳ್ಳಿಯಲ್ಲಿ ಕೆಲಸ ಮಾಡಿ ಮರಳಿ ಅಲ್ಲಿಗೇ ಬರುವ ಇರಾದೆ ಇರುವವರಿಗೆ ಅದು ಹೊಂದುವ ಷರತ್ತು. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಬಿಡಿ: ಹೊರದೇಶದ ಎಂಪಿಎಚ್ ನಿಮ್ಮನ್ನು ಅಲ್ಲಿ ನರ್ಸ್ ಮಾಡುವುದಿಲ್ಲ. ಅಲ್ಲಿ ನರ್ಸ್ ಆಗಲು ಅವರ ನೋಂದಣಿ, ಪರೀಕ್ಷೆ ಎಲ್ಲ ಬೇರೆ.

ನಿಮ್ಮ ತಮ್ಮನಿಗೆ

ಮೂರು ವರ್ಷದ ಬಿ.ಎಸ್ಸಿ.ಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಇದ್ದರೆ ಜೈವಿಕ ಸಂಖ್ಯಾಶಾಸ್ತ್ರ ಒಳ್ಳೆಯ ದಾರಿ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಜೈವಿಕ ಸಂಖ್ಯಾಶಾಸ್ತ್ರ ಮತ್ತು ಜನಸಂಖ್ಯಾಶಾಸ್ತ್ರದ ಎಂ.ಎಸ್ಸಿ. ನೋಡಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸುವುದು ಇದೇ ಸಂಸ್ಥೆ. ಜೀವಶಾಸ್ತ್ರ ಮಾತ್ರ ಓದಿದ್ದರೆ, ಎಂಪಿಎಚ್‌ಗೆ ಮೂರು ವರ್ಷದ ವಿಜ್ಞಾನ ಪದವೀಧರರನ್ನು ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳಿವೆ, ತೆಗೆದುಕೊಳ್ಳದವೂ ಇವೆ. ಅರ್ಜಿ ಶುಲ್ಕ ಕಟ್ಟುವ ಮುನ್ನ ಅರ್ಹತೆಯ ಸಾಲು ಓದಲಿ. ಕ್ಷೇತ್ರದ ಅನುಭವವೇ ಇಲ್ಲದೆ ನೇರವಾಗಿ ಎಂಪಿಎಚ್ ಸೇರಿದವರು ಕೆಲಸ ಹುಡುಕುವಾಗ ಹಿಂದೆ ಬೀಳುತ್ತಾರೆ. ಒಂದು ವರ್ಷ ಯಾವುದಾದರೂ ಸಮೀಕ್ಷೆಯಲ್ಲಿ ಮಾಹಿತಿ ಸಂಗ್ರಹಕಾರನಾಗಿ ದುಡಿದು ಬರುವುದು ಮೇಲು.

ಪಿಎಚ್‌.ಡಿ. ಮಾತೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಯುಜಿಸಿ ನಿಯಮದಲ್ಲಿ ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಪಿಎಚ್‌.ಡಿ.ಗೆ ಹೋಗಲು ಅವಕಾಶವಿದೆ, ಆದರೆ 75% ಬೇಕು. ನಿಮ್ಮ 68%ಗೆ ಆ ಬಾಗಿಲಿಲ್ಲ. ಸ್ನಾತಕೋತ್ತರ ಪದವಿ ಆದ ಮೇಲೆ 55% ಸಾಕು. ಯುಜಿಸಿ-ನೆಟ್‌ನಲ್ಲಿ 'ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ' ಎಂಬ ವಿಷಯವೇ ಇದೆ, ಎಂಪಿಎಚ್ ಮಾಡಿದವರು ಅದನ್ನು ಬರೆಯುತ್ತಾರೆ.

ಪ್ರಬಂಧ

ಎಂ.ಎಸ್ಸಿ. ಆಗಲಿ ಎಂಪಿಎಚ್ ಆಗಲಿ, ಎಲ್ಲರೂ ಸಿಕ್ಕಿಕೊಳ್ಳುವುದು ಪ್ರಬಂಧದಲ್ಲಿ. ಕ್ಷೇತ್ರದಿಂದ ಬಂದ ನಿಮಗೆ ಇಲ್ಲಿ ದೊಡ್ಡ ಅನುಕೂಲವಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದೇ ಕಬ್ಬಿಣದ ಮಾತ್ರೆಯ ವಿಷಯ ತೆಗೆದುಕೊಂಡಿರಿ ಅನ್ನಿ. ಅರ್ಧದಷ್ಟು ಜನ ಸರಿಯಾಗಿ ನುಂಗುತ್ತಾರೆ ಎಂಬ ಅಂದಾಜು, ಹತ್ತು ಅಂಶ ಆಚೀಚೆ ಆದರೂ ಪರವಾಗಿಲ್ಲ ಎಂದರೆ, 95% ಭರವಸೆಗೆ 96 ತಾಯಂದಿರು ಸಾಕೆಂದು ಸೂತ್ರ ಹೇಳುತ್ತದೆ. ಆದರೆ ನೀವು ಊರೂರಿನ ಗುಂಪುಗಳಲ್ಲಿ ಆರಿಸುವುದರಿಂದ ಅದನ್ನು ಇಮ್ಮಡಿ ಮಾಡಬೇಕು: 192. ನೂರಕ್ಕೆ ಹತ್ತು ಜನ ಸಿಗುವುದಿಲ್ಲ, ತವರಿಗೆ ಹೋಗಿರುತ್ತಾರೆ. ಹಾಗಾಗಿ 214. ದಿನಕ್ಕೆ ಎಂಟು ಮನೆ ಅಂದರೂ 27 ದಿನ. ಅದಕ್ಕೂ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬರಬೇಕು. ಸುಗ್ಗಿಯಲ್ಲಿ, ಗುಳೆ ಹೋಗುವ ತಿಂಗಳುಗಳಲ್ಲಿ ಮನೆಗೆ ಬೀಗ ಇರುತ್ತದೆ ಎಂಬುದು ನಗರದ ಮಾರ್ಗದರ್ಶಕರಿಗೆ ಹೊಳೆಯದೇ ಇರಬಹುದು, ನಿಮಗೆ ಗೊತ್ತು. ಆರೋಗ್ಯ ಶಿಕ್ಷಣ ಕೊಟ್ಟು ಅದರ ಪರಿಣಾಮ ಅಳೆಯುವ ಅಧ್ಯಯನವಾದರೆ ಮೊದಲ ತಾಯಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಸಿಟಿಆರ್‌ಐ ಎಂಬ, ಇಂಥ ಪ್ರಯೋಗಗಳ ಭಾರತೀಯ ನೋಂದಣಿ ತಾಣದಲ್ಲಿ ನೋಂದಾಯಿಸಿ. ಶುಲ್ಕವಿಲ್ಲ. ಆಮೇಲೆ ನೋಂದಾಯಿಸಲು ಹೋದರೆ ಒಪ್ಪುವುದಿಲ್ಲ, ಪ್ರಕಟಣೆಗೂ ತೊಡಕಾಗುತ್ತದೆ.

ಪ್ರಶ್ನಾವಳಿಯ ಕನ್ನಡವನ್ನಂತೂ ಬೇರೆಯವರಿಗೆ ಬಿಡಬೇಡಿ. ಒಬ್ಬರು ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಂದು ತಾಳೆ ನೋಡಬೇಕು. ಅದಷ್ಟೇ ಸಾಲದು. 'ನಿಮಗೆ ರಕ್ತಹೀನತೆ ಇದೆಯೇ?' ಎಂದು ಕೇಳಿದರೆ ಕೊಪ್ಪಳದ ತಾಯಿ ಸುಮ್ಮನೆ ತಲೆಯಾಡಿಸುತ್ತಾಳೆ, ಅದು ಹೌದೆಂದು ದಾಖಲಾಗುತ್ತದೆ. 'ರಕ್ತ ಕಮ್ಮಿ ಐತಿ ಅಂತ ಯಾರರ ಹೇಳ್ಯಾರೇನವ್ವಾ?' ಎಂದರೆ ನಿಜವಾದ ಉತ್ತರ ಬರುತ್ತದೆ. ಇಪ್ಪತ್ತು ಜನರಲ್ಲಿ ಮೊದಲೇ ಪರೀಕ್ಷಿಸಿ, ತಡವರಿಸಿದ ಪ್ರತಿ ಮಾತನ್ನೂ ಬದಲಿಸಿ.

ನಿಮ್ಮ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳಿದರೆ: ತಾಯಂದಿರ ಜೊತೆಗಿನ ಕೆಲಸವೇ ಇಷ್ಟ ಎಂದಿದ್ದೀರಿ, ಗುತ್ತಿಗೆಯ ಅನಿಶ್ಚಿತತೆಯನ್ನು ಮನೆ ತಾಳಿಕೊಳ್ಳುವಂತಿದ್ದರೆ ಎಂಪಿಎಚ್ ಮಾಡಿ, ಪ್ರಬಂಧವನ್ನು ಆರೋಗ್ಯ ವರ್ಧನೆಯಲ್ಲೇ ಬರೆಯಿರಿ. ಮೊದಲ ಅರ್ಜಿ ತಿರುವನಂತಪುರಕ್ಕೆ, ಎರಡನೆಯದು ಗದಗಕ್ಕೆ. ಕಾಯಂ ಬೋಧನಾ ವೃತ್ತಿ ಬೇಕೇ ಬೇಕು ಅನ್ನಿಸಿದರೆ ಸಮುದಾಯ ಆರೋಗ್ಯ ನರ್ಸಿಂಗ್‌ನ ಎಂ.ಎಸ್ಸಿ. ಯಾವುದನ್ನು ಆರಿಸಿದರೂ ಈ ತಿಂಗಳೇ ಆಗಬೇಕಾದ ಕೆಲಸಗಳು ಇವು. ವಿಶ್ವವಿದ್ಯಾಲಯದಿಂದ ಅಧಿಕೃತ ಅಂಕಪಟ್ಟಿಯ ಪ್ರತಿಗಳಿಗೆ ಅರ್ಜಿ, ಉಪವಿಭಾಗಾಧಿಕಾರಿ ಕಚೇರಿಯಲ್ಲಿ 371(ಜೆ) ಪತ್ರಕ್ಕೆ ಅರ್ಜಿ, ಮೂರು ವರ್ಷದ ಗುತ್ತಿಗೆ ಆದೇಶಗಳ ದೃಢೀಕೃತ ಪ್ರತಿ. ಇವು ಬರುವುದರೊಳಗೆ ನಿಮ್ಮ ಉಪಕೇಂದ್ರದ ಇಪ್ಪತ್ತು ಗರ್ಭಿಣಿಯರ ಮನೆಗೆ ಹೋಗಿ, ಉಳಿದ ಮಾತ್ರೆ ಎಣಿಸಿ, ನುಂಗದಿರಲು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಸರು ಬರೆಯಬೇಡಿ, ಕ್ರಮಸಂಖ್ಯೆ ಸಾಕು. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.